ಅಪಾಯಕ್ಕೆ ಪುರಾವೆ

ಕುಮಟಾದ ತಾಲೂಕು ಕಚೇರಿಗೆ ಅರ್ಜಿ ಹಿಡಿದು ಹೋಗುವವರಲ್ಲಿ ನೇತ್ರಾ ಹರಿಕಂತ್ರಳನ್ನು ಅರಿಯದವರು ಕಡಿಮೆ. ಕಚೇರಿಯ ಎದುರು ಸಾಲಿನಲ್ಲಿ, ಔಷಧಿ ಅಂಗಡಿಗೂ ಚಾ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಕಿರಿದಾದ ಕೋಣೆ ಅವಳ ಅಂಗಡಿ. ಒಳಗೆ ಎರಡು ಕಂಪ್ಯೂಟರು, ಒಂದು ಝೆರಾಕ್ಸ್ ಮಶಿನ್ನು, ಗೋಡೆಗೆ ಆತುಕೊಂಡ ಒಂದು ಬೆಂಚು. ಜಾತಿ ಪ್ರಮಾಣಪತ್ರ, ಪಹಣಿ ತಿದ್ದುಪಡಿ, ವಿಧವಾ ವೇತನ, ಮೀನುಗಾರರ ಗುರುತಿನ ಚೀಟಿ. ಯಾವ ಕಾಗದಕ್ಕೆ ಯಾವ ಕಾಗದ ಜೋಡಿಸಬೇಕು, ಅದು ಯಾವ ಟೇಬಲ್ಲಿನ ಮೇಲೆ ಎಷ್ಟು ದಿನ ಕೂರುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ಅವಳು ಈ ಕೆಲಸಕ್ಕೆ ಬಂದದ್ದು ಅಪ್ಪನಿಂದ. ತದಡಿಯಲ್ಲಿ ಬಲೆ ಬೀಸಿ ಬದುಕುತ್ತಿದ್ದ ಅಪ್ಪ ಒಂದು ಗಾಳಿಯಲ್ಲಿ ದೋಣಿ ಕಳೆದುಕೊಂಡು, ಪರಿಹಾರದ ಅರ್ಜಿಗೆಂದು ಕುಮಟಾಕ್ಕೆ ಏಳು ಸಲ ಓಡಾಡಿದ. ಪ್ರತಿ ಸಲವೂ ಒಂದಲ್ಲ ಒಂದು ಕಾಗದ ಕಡಿಮೆ ಬೀಳುತ್ತಿತ್ತು. ಏಳನೆಯ ಸಲ ಜೊತೆಗೆ ಹೋಗಿದ್ದ ನೇತ್ರಾ, ಆಗಷ್ಟೇ ಹತ್ತನೇ ತರಗತಿ ಮುಗಿಸಿದವಳು, ಕೋರ್ಟಿನ ಜಗಲಿಯ ಮೇಲೆ ಟೈಪ್ ಮಾಡುತ್ತಿದ್ದವನ ಬೆರಳುಗಳನ್ನೇ ನೋಡುತ್ತ ನಿಂತುಬಿಟ್ಟಳು. ಆ ವರ್ಷವೇ ಟೈಪಿಂಗ್ ಕ್ಲಾಸಿಗೆ ಸೇರಿದಳು. ಕಾಗದ ಸರಿಯಾಗಿದ್ದರೆ ಮನುಷ್ಯ ಪಾರಾಗುತ್ತಾನೆ ಎಂಬ ನಂಬಿಕೆಯೊಂದು ಅವತ್ತು ಅವಳೊಳಗೆ ಕೂತದ್ದು, ನಲವತ್ತಾರನೇ ವಯಸ್ಸಿನವರೆಗೂ ಅಲುಗಾಡಿರಲಿಲ್ಲ.

ಎರಡು ಸಾವಿರದ ಇಪ್ಪತ್ಮೂರರ ಜನವರಿಯ ಒಂದು ಮಧ್ಯಾಹ್ನ, ಮಗಳು ಅರ್ಚಿತಾಗೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಲೋಕೇಶ ಸರ್ ಅಂಗಡಿಗೆ ಬಂದರು. ಜೊತೆಗೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಸಣ್ಣ ಆಳು. ಸೊಂಟಕ್ಕೆ ಸುತ್ತಿದ ನೀಲಿ ಬಟ್ಟೆಯ ಅಂಚಿಗೆ, ಚಪ್ಪಲಿಗೆ, ಕಾಲಿಗೆ ಅಘನಾಶಿನಿಯ ಕೆಸರು ಒಣಗಿ ಬೂದಿಯಾಗಿತ್ತು.

"ನೇತ್ರಕ್ಕಾ, ಇವರು ಡಾಕ್ಟರ್ ತೀಡಾ ವಿನ್. ಬರ್ಮಾದವರು. ಉಪ್ಪುನೀರಲ್ಲಿ ಬೆಳೆಯೂ ಕಾಂಡ್ಲಾ ಗಿಡ ಇದೆಯಲ್ಲ, ಅದರ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದವರು. ಇವರದೊಂದು ಅರ್ಜಿ ಆಗಬೇಕಿತ್ತು," ಎಂದರು ಲೋಕೇಶ ಸರ್.

"ಎಂತಾ ಅರ್ಜಿ ಸರ್?"

ಲೋಕೇಶ ಸರ್ ಬೆಂಚಿನ ಮೇಲೆ ಕೂತು ತಗ್ಗಿದ ದನಿಯಲ್ಲಿ ಹೇಳಿದರು. ಬರ್ಮಾದಲ್ಲಿ ಸೈನ್ಯ ಆಡಳಿತ ಹಿಡಿದ ಮೇಲೆ ಸಾವಿರಾರು ಮಾಸ್ತರರು ಪಾಠ ಮಾಡಲು ಒಲ್ಲೆವೆಂದು ಕಾಲೇಜು ಬಿಟ್ಟು ಹೊರಗೆ ನಿಂತರು. ತೀಡಾ ಅವರೂ ನಿಂತರು. ಕೆಲಸ ಹೋಯಿತು. ಆಮೇಲೆ ಹಿಡಿಯಬೇಕಾದವರ ಪಟ್ಟಿಯಲ್ಲಿ ಹೆಸರು ಬಂತು. ಹೆಸರು ಬರುವ ಮೂರು ದಿನ ಮೊದಲು ಅವರು ವಿಮಾನ ಹತ್ತಿದ್ದರು. ಹಿಂದೆ ಒಂದು ಸಮ್ಮೇಳನದಲ್ಲಿ ಪರಿಚಯವಾಗಿದ್ದ ಲೋಕೇಶ ಸರ್ ಒಂದು ವರ್ಷದ ಸಂಶೋಧನೆಗೆಂದು ಅವರನ್ನು ಇಲ್ಲಿಗೆ ಕರೆಸಿಕೊಂಡಿದ್ದರು.

"ವೀಸಾ ಸೆಪ್ಟೆಂಬರಿಗೆ ಮುಗೀತದೆ. ಆಮೇಲೆ ಇಟ್ಕೊಳ್ಳೂಕೆ ನಮ್ಮಲ್ಲಿ ಅಂಥ ಕಾನೂನೇ ಇಲ್ಲ. ಜರ್ಮನಿ ಸರ್ಕಾರದ್ದೊಂದು ಯೋಜನೆ ಅದೆ. ಯುದ್ಧ, ಕಿರುಕುಳ ಅಂತ ಊರು ಬಿಟ್ಟು ಓಡಿ ಬಂದ ವಿದ್ವಾಂಸರಿಗೆ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಕೆಲಸ ಕೊಡ್ತಾರೆ. ಒಂದು ವಿಶ್ವವಿದ್ಯಾಲಯ ಇವರ ಪರವಾಗಿ ಅರ್ಜಿ ಹಾಕೂಕೆ ಒಪ್ಪಿದೆ. ದಾಖಲೆ ಎಲ್ಲ ನಾವು ಕಳಿಸಬೇಕು."

ನೇತ್ರಾ ಪರದೆಯ ಮೇಲಿನ ನಮೂನೆ ಓದಿದಳು. ಅವಳ ಇಂಗ್ಲಿಷು ಅರ್ಜಿಗಳ ಇಂಗ್ಲಿಷು. ಹೆಸರು, ಜನ್ಮ ದಿನಾಂಕ, ವಿದ್ಯಾರ್ಹತೆ, ಎಲ್ಲ ಅವಳು ಸಾವಿರ ಸಲ ನೋಡಿದ್ದೇ. ಐದನೆಯ ಪುಟಕ್ಕೆ ಬಂದಾಗ ಮಾತ್ರ ಕೈ ನಿಂತಿತು. ಅಲ್ಲಿದ್ದದ್ದನ್ನು ಅವಳು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡಳು: ಅರ್ಜಿದಾರರ ಜೀವಕ್ಕೆ ಇರುವ ಅಪಾಯದ ಸ್ವರೂಪ. ಪುರಾವೆ ಲಗತ್ತಿಸಿ.

ಬಡತನಕ್ಕೆ, ಜಾತಿಗೆ, ಸಾವಿಗೆ ಪುರಾವೆ ಜೋಡಿಸಿ ಕೊಟ್ಟವಳು ಅವಳು. ಅಪಾಯಕ್ಕೆ ಪುರಾವೆ ಕೇಳುವ ಕಾಗದ ನೋಡಿದ್ದು ಇದೇ ಮೊದಲು.

ತೀಡಾ ಚೀಲದಿಂದ ಒಂದೊಂದಾಗಿ ತೆಗೆದಿಟ್ಟರು. ವಜಾ ಆದೇಶ. ಹಿಡಿಯಬೇಕಾದವರ ಪಟ್ಟಿ ಅಚ್ಚಾಗಿದ್ದ, ಮೂರು ಹೆಸರಿನ ಕೆಳಗೆ ಗೆರೆ ಎಳೆದ ಪತ್ರಿಕೆಯ ತುಂಡು. ಬೀಗ ಹಾಕಿ ಅರಗಿನ ಮುದ್ರೆ ಒತ್ತಿದ ಮನೆಬಾಗಿಲಿನ ಫೋಟೋ. ಕೊನೆಗೆ, ಕನ್ನಡಕ ಹಾಕಿಕೊಂಡು ನಗುತ್ತಿರುವ ಒಬ್ಬ ತರುಣನ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ.

"ಇವನು?" ನೇತ್ರಾ ಕೇಳಿದಳು.

"ನನ್ನ ವಿದ್ಯಾರ್ಥಿ. ನನ್ನನ್ನು ಹುಡುಕುತ್ತ ಹೋದವರಿಗೆ ಇವನು ಸಿಕ್ಕಿದ," ಎಂದರು ತೀಡಾ ನಿಧಾನವಾದ ಇಂಗ್ಲಿಷಿನಲ್ಲಿ. ಆಮೇಲೆ ಅದನ್ನು ಅಂಗೈಯಿಂದ ಒರೆಸಿ, "ಇದನ್ನು ಹಾಕುವುದು ಬೇಡ. ಇವನ ತಾಯಿ ಇನ್ನೂ ಅಲ್ಲೇ ಇದ್ದಾರೆ," ಎಂದು ಚೀಲಕ್ಕೆ ಹಿಂತಿರುಗಿಸಿದರು.

ಆ ಸಂಜೆ ಎಲ್ಲ ಸ್ಕ್ಯಾನ್ ಆಗಿ ಹೋಯಿತು. ಹೊರಡುವಾಗ ತೀಡಾ, ಇಲ್ಲಿ ಬಂದ ಮೇಲೆ ಕಲಿತ ಒಂದೇ ಒಂದು ಮಾತನ್ನು, ಸರಿಯೋ ತಪ್ಪೋ ಎಂದು ಅಳುಕುತ್ತ ಹೇಳಿದರು: "ಆತು."

ಅಲ್ಲಿಂದ ವಾರಕ್ಕೆ ಎರಡು ಸಲವಾದರೂ ಅವರು ಅಂಗಡಿಗೆ ಬರತೊಡಗಿದರು. ಬೆಂಚಿನ ಮೇಲೆ ಕೂತು, ವಿಧವಾ ವೇತನಕ್ಕೆ ಬಂದ ಮುದುಕಿಯರ ನಡುವೆ, ತಾವು ಎಣಿಸಿದ ಗಿಡಗಳ ಲೆಕ್ಕ ಬರೆದುಕೊಳ್ಳುತ್ತಿದ್ದರು. ನೇತ್ರಾ ಅವರನ್ನು ಟೀಚರು ಎಂದು ಕರೆಯುತ್ತಿದ್ದಳು. ಒಂದು ಸಲ ತದಡಿಯ ಮನೆಗೆ ಕರೆದೊಯ್ದು ಹೊಳೆಯ ಚಿಪ್ಪುಮೀನು ಬಳಚಿನ ಸುಕ್ಕೆ ಪಲ್ಯ ಬಡಿಸಿದಾಗ, ತೀಡಾ ಮೊದಲ ತುತ್ತಿಗೇ ತಿನ್ನುವುದು ನಿಲ್ಲಿಸಿ ತಟ್ಟೆ ನೋಡಿದರು. ತಂಗಿ ಹೀಗೆಯೇ ಮಾಡುತ್ತಾಳೆ ಎಂದರು. ಊರಿನಲ್ಲಿ ಉಳಿದವಳು ಆ ತಂಗಿಯೊಬ್ಬಳೇ.

ಫೆಬ್ರುವರಿಯಲ್ಲಿ ಜರ್ಮನಿಯಿಂದ ಉತ್ತರ ಬಂತು. ಅರ್ಜಿ ಮುಂದಕ್ಕೆ ಹೋಗಿದೆ, ಆದರೆ ಪಾಸ್‌ಪೋರ್ಟಿನ ಅವಧಿ ಅಕ್ಟೋಬರಿಗೆ ತೀರುತ್ತದೆ, ನವೀಕರಿಸಿ ಕಳಿಸಿರಿ ಎಂದು. ಲೋಕೇಶ ಸರ್ ತಲೆ ಮೇಲೆ ಕೈ ಹೊತ್ತು ಕೂತರು. ತೀಡಾ ತಮ್ಮ ಸರ್ಕಾರದ ಯಾವ ಕಚೇರಿಯ ಬಾಗಿಲನ್ನೂ ತಟ್ಟುವಂತಿರಲಿಲ್ಲ.

ದಾರಿ ಹುಡುಕಿದವಳು ನೇತ್ರಾ. ಯಾವ ಕಚೇರಿಗೂ ಒಂದು ಹಿಂಬಾಗಿಲು ಇರುತ್ತದೆ, ಅದರ ಪಕ್ಕ ಒಬ್ಬ ಏಜೆಂಟ್ ಇರುತ್ತಾನೆ ಎಂಬುದು ಅವಳ ಅನುಭವ. ಅರ್ಜಿ ಬರೆಯುವವರ ವಾಟ್ಸಾಪ್ ಗುಂಪೊಂದರಲ್ಲಿ ವಿಚಾರಿಸಿದಾಗ ಯಾರೋ ದಿಲ್ಲಿಯ ಏಜೆಂಟನ ವೆಬ್‌ಸೈಟ್ ಕಳಿಸಿದರು. ಎಲ್ಲ ದೇಶದ ಪಾಸ್‌ಪೋರ್ಟ್ ನವೀಕರಣ, ಖುದ್ದು ಹಾಜರಾಗುವ ಅಗತ್ಯವಿಲ್ಲ ಎಂದು ಬರೆದಿತ್ತು. ತೀಡಾ ಎರಡು ದಿನ ಯೋಚಿಸಿದರು. ಮೂರನೆಯ ದಿನ ಬಂದು ಕೂತರು.

ನೇತ್ರಾ ತುಂಬುತ್ತ ಹೋದಳು. ಈಗಿನ ವಿಳಾಸ, ಮನೆಯ ಗುರುತು. ಆಮೇಲೆ ಊರಿನಲ್ಲಿರುವ ಹತ್ತಿರದ ಸಂಬಂಧಿಯ ಹೆಸರು ಮತ್ತು ವಿಳಾಸ.

"ಇದು ಬೇಕೇ ಬೇಕಾ?" ತೀಡಾ ಕೇಳಿದರು.

"ಕೆಂಪು ನಕ್ಷತ್ರ ಹಾಕಿದ್ದಾರೆ ಟೀಚರೆ. ಖಾಲಿ ಬಿಟ್ಟರೆ ಮುಂದೆ ಹೋಗೂದಿಲ್ಲ."

ತೀಡಾ ಕಿಟಕಿಯಾಚೆ ನೋಡಿದರು. ತಾಲೂಕು ಕಚೇರಿಯ ಅಂಗಳದಲ್ಲಿ ಎಂದಿನ ಹಾಗೆ ಜನ ನಿಂತಿದ್ದರು. ಕೊನೆಗೆ ತಂಗಿಯ ಹೆಸರು ಹೇಳಿದರು, ಬೀದಿ ಹೇಳಿದರು, ಮನೆಯ ನಂಬರು ಹೇಳಿದರು. ಮೊಬೈಲ್ ನಂಬರಿನ ಜಾಗಕ್ಕೆ ನೇತ್ರಾ ತನ್ನದೇ ನಂಬರು ಹಾಕಿದಳು. ಎಲ್ಲ ಗಿರಾಕಿಗಳಿಗೂ ಹಾಗೆಯೇ ಮಾಡುತ್ತಿದ್ದಳು, ಒಟಿಪಿ ಬಂದರೆ ತಕ್ಷಣ ಸಿಗಲಿ ಎಂದು.

ಹನ್ನೊಂದು ದಿನ ಬಿಟ್ಟು ಮೊದಲ ಕರೆ ಬಂತು. ಮಧ್ಯಾಹ್ನ ಮೂರು ಗಂಟೆ, ಅಂಗಡಿಯಲ್ಲಿ ಗಿರಾಕಿಗಳಿದ್ದರು. ಎತ್ತಿದರೆ ಆಚೆ ಮಾತಿಲ್ಲ. ಯಾರೋ ಉಸಿರಾಡುತ್ತಿರುವುದು ಮಾತ್ರ ಕೇಳುತ್ತಿತ್ತು. ಮರುದಿನ ಅದೇ ಹೊತ್ತಿಗೆ ಮತ್ತೆ. ಮೂರನೆಯ ದಿನ ಗಂಡಸಿನ ದನಿಯೊಂದು ಅವಳಿಗೆ ಗೊತ್ತಿಲ್ಲದ ಭಾಷೆಯಲ್ಲಿ ನಾಲ್ಕು ಮಾತು ಹೇಳಿ, ಉತ್ತರಕ್ಕೆ ಕಾದು, ಹಿಂದಿಗೆ ತಿರುಗಿತು. ಬಹಳ ಮರ್ಯಾದೆಯ ದನಿ. ಡಾಕ್ಟರ್ ತೀಡಾ ಅವರ ಪಾಸ್‌ಪೋರ್ಟ್ ತಯಾರಿದೆ, ಅವರು ಅದೇ ಮನೆಯಲ್ಲಿದ್ದಾರೆಯೇ, ಒಬ್ಬರೇ ಇರುತ್ತಾರೆಯೇ, ಮನೆಯಿಂದ ಎಷ್ಟು ಹೊತ್ತಿಗೆ ಹೊರಡುತ್ತಾರೆ.

ಕೊನೆಯ ಪ್ರಶ್ನೆಗೆ ನೇತ್ರಾ ಟೈಪ್ ಮಾಡುವುದನ್ನು ನಿಲ್ಲಿಸಿದಳು. ಪಾಸ್‌ಪೋರ್ಟ್ ಕೊಡುವವರಿಗೆ ಅದು ಎಂತಕ್ಕೆ?

"ನಂಗೆ ಗೊತ್ತಿಲ್ಲ," ಎಂದು ಫೋನಿಟ್ಟು ಕಂಪ್ಯೂಟರಿನಲ್ಲಿ ಆ ವೆಬ್‌ಸೈಟ್ ತೆರೆದಳು. ಅಲ್ಲಿ ಏನೂ ಇರಲಿಲ್ಲ. ಬಿಳಿ ಪುಟ.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ, ಅರ್ಜಿಯ ಪ್ರತಿ ಹಿಡಿದುಕೊಂಡು ಭಟ್ಕಳದ ಬಸ್ಸು ಹತ್ತಿದಳು. ಅಲ್ಲಿ ಟ್ರಾವೆಲ್ಸ್ ನಡೆಸುವ ಮೊಹಿದ್ದೀನ್ ಸಾಹೇಬರು ನಲವತ್ತು ವರ್ಷದಿಂದ ಗಲ್ಫಿಗೆ ಹೋಗುವವರ ಕಾಗದ ನೋಡುತ್ತಿದ್ದವರು. ವೀಸಾ ಕಾಗದದಲ್ಲಿ ಗೊಂದಲವಾದಾಗಲೆಲ್ಲ ಅವಳು ಅವರನ್ನೇ ಕೇಳುವುದು. ಅವರು ಕನ್ನಡಕ ಏರಿಸಿ ಅರ್ಜಿಯನ್ನು ಎರಡು ಸಲ ಓದಿದರು. ಮೊದಲ ಸಲ ಬೇಗ, ಎರಡನೆಯ ಸಲ ಬೆರಳಿಟ್ಟು.

"ನೇತ್ರಾಬಾಯಿ, ಇದರಲ್ಲಿ ಹಳೇ ಪಾಸ್‌ಪೋರ್ಟಿನ ನಂಬರೇ ಕೇಳಲಿಲ್ಲ, ನೋಡಿದ್ರಾ?"

ಅವಳು ನೋಡಿರಲಿಲ್ಲ.

"ಇದು ಪಾಸ್‌ಪೋರ್ಟಿನ ಅರ್ಜಿ ಅಲ್ಲ. ಓಡಿಹೋದವರು ಎಲ್ಲಿದ್ದಾರೆ, ಹಿಂದೆ ಯಾರನ್ನು ಬಿಟ್ಟಿದ್ದಾರೆ, ಅದನ್ನು ಅವರ ಕೈಯಿಂದಲೇ ಬರೆಸ್ಕೊಳ್ಳೂದು. ಯಾರು ಮಾಡಿದ್ದೋ ದೇವರಿಗೇ ಗೊತ್ತು. ಬರೆಸಿಕೊಂಡವರು ಇದನ್ನು ಯಾರಿಗೆ ಮಾರಿದ್ದಾರೋ ಅದೂ ಗೊತ್ತಿಲ್ಲ." ಸಾಹೇಬರು ಕಾಗದ ಮಡಿಸಿ ಅವಳ ಕೈಗಿಟ್ಟರು. "ಮೊದಲು ಆ ಬಾಯಿಯವರನ್ನು ಮನೆಯಿಂದ ಸರಿಸಿ. ಪಾಸ್‌ಪೋರ್ಟಿನ ಆಸೆ ಬಿಡಿ. ಕರೆಸಿಕೊಳ್ಳೂ ಸರ್ಕಾರ ಮನಸ್ಸು ಮಾಡಿದರೆ ತಾನೇ ಒಂದು ಪ್ರಯಾಣದ ಕಾಗದ ಕೊಡ್ತದೆ. ಅಂಥದ್ದು ಒಂದೆರಡು ನೋಡಿದ್ದೇನೆ. ಆದರೆ ಅಪಾಯ ಹಳೇದಲ್ಲ, ಈಗಲೂ ಬೆನ್ನ ಹಿಂದೆ ಇದೆ ಅಂತ ತೋರಿಸಬೇಕಾಗ್ತದೆ."

ಬಸ್ಸಿನಲ್ಲಿ ಹಿಂದೆ ಬರುವಾಗ ಶರಾವತಿಯ ಸೇತುವೆ ದಾಟುವವರೆಗೂ ಅವಳು ಕಾಗದವನ್ನು ಮಡಿಲಲ್ಲೇ ಒತ್ತಿ ಹಿಡಿದುಕೊಂಡಿದ್ದಳು. ಸೇತುವೆಯ ಮೇಲೆ ಅವಳಿಗೆ ಒಂದು ನೆನಪಾಯಿತು. ತಂಗಿಯ ಮನೆಯ ನಂಬರನ್ನು ಟೈಪ್ ಮಾಡುವಾಗ ತಪ್ಪು ಮಾಡಿದ್ದಳು. ಆಮೇಲೆ ಜಾಗ್ರತೆಯಿಂದ ತಿದ್ದಿದ್ದಳು.

ಎರಡೇ ದಿನದಲ್ಲಿ ತೀಡಾ ಕುಮಟಾದ ಬಾಡಿಗೆ ಕೋಣೆ ಬಿಟ್ಟು ಹೊನ್ನಾವರದ ಕಾಸರಕೋಡಕ್ಕೆ ಹೋದರು. ಅಲ್ಲಿ ನೇತ್ರಾಳ ಚಿಕ್ಕಮ್ಮ ತಿಮ್ಮಕ್ಕ ಮೀನು ಒಣಗಿಸುವ ಕೆಲಸ ಮಾಡುತ್ತ ಒಬ್ಬಳೇ ಇದ್ದಳು. ಪರದೇಶದವರು ವಿಳಾಸ ಬದಲಿಸಿದರೆ ಕಾರವಾರದ ಪೊಲೀಸ್ ಕಚೇರಿಗೆ ಬರೆದು ತಿಳಿಸಬೇಕು. ಆ ಕಾಗದವನ್ನೂ ನೇತ್ರಾಳೇ ಟೈಪ್ ಮಾಡಿದಳು. ಕಾಸರಕೋಡ ಎಂಬ ಹೆಸರು ಪರದೆಯ ಮೇಲೆ ಮೂಡುವಾಗ, ಮೊದಲ ಬಾರಿಗೆ ಅವಳ ಬೆರಳು ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ನಿಂತು ನಿಂತು ನಡೆಯಿತು.

ತಿಮ್ಮಕ್ಕ ಹೆಚ್ಚು ಕೇಳುವವಳಲ್ಲ. "ಇರ್ಲಿ ಬಿಡು, ಮೀನ ವಾಸನೆ ಆಗ್ತದ್ಯಾ ಕೇಳು," ಎಂದಳು ಅಷ್ಟೇ. ತೀಡಾ ತಲೆಗೆ ಬಟ್ಟೆ ಕಟ್ಟಿಕೊಂಡು ಹೆಂಗಸರ ಜೊತೆ ಚಾಪೆಯ ಮೇಲೆ ಮೀನು ಹರಡಲು ಕೂತರು. ದೂರದಿಂದ ನೋಡಿದರೆ ಅವರಲ್ಲೊಬ್ಬರು. ಹತ್ತಿರ ಬಂದರೆ ಮಾತ್ರ, ಅಳಿವೆಯ ಕಡೆಯಿಂದ ಬೈಕ್ ಸದ್ದು ಕೇಳಿದಾಗಲೆಲ್ಲ ಅವರ ಕೈ ನಿಲ್ಲುವುದು ಕಾಣುತ್ತಿತ್ತು.

ಏಪ್ರಿಲಿನಲ್ಲಿ ಸುದ್ದಿ ಬಂತು. ನೆರೆಮನೆಯವರೊಬ್ಬರು ಕಳಿಸಿದ ಎರಡು ಸಾಲು. ತಂಗಿಯನ್ನು ಕರೆದೊಯ್ದಿದ್ದಾರೆ, ಮನೆಗೆ ನೇರವಾಗಿ ಬಂದರು, ಯಾರನ್ನೂ ದಾರಿ ಕೇಳಲಿಲ್ಲ.

ಲೋಕೇಶ ಸರ್ ಫೋನು ಮಾಡಿ ಹೇಳಿದ ಮೇಲೆ ನೇತ್ರಾ ಸಂಜೆಯ ಬಸ್ಸಿಗೆ ಕಾಸರಕೋಡಕ್ಕೆ ಹೋದಳು. ಒಣಮೀನಿನ ರಾಶಿಗಳ ಮೇಲೆ ತಾಡಪಾಲು ಎಳೆಯುತ್ತಿದ್ದರು. ತೀಡಾ ದಂಡೆಯ ಕಲ್ಲಿನ ಮೇಲೆ ಕೂತಿದ್ದರು. ನೀರು ಅಳಿವೆಯೊಳಗೆ ಏರುತ್ತಿತ್ತು. ಮಾವಿನಕುರ್ವೆ ನಡುಗಡ್ಡೆಯ ಕಡೆಗೆ ಹೋಗುವ ಒಂದು ದೋಣಿ ಬಿಟ್ಟರೆ ಕಣ್ಣಿಗೆ ಮತ್ತೇನೂ ಇಲ್ಲ. ನೇತ್ರಾ ಪಕ್ಕದಲ್ಲಿ ಕೂತಳು. ಬಸ್ಸಿನ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಇಂಗ್ಲಿಷು ಮಾತುಗಳೆಲ್ಲ ಮರೆತುಹೋಗಿದ್ದವು.

"ನನ್ನಿಂದ ಆತಾ, ಟೀಚರೆ?" ಎಂದಳು ಕನ್ನಡದಲ್ಲೇ.

ತೀಡಾಗೆ ಅರ್ಥವಾಯಿತು. ಅಲ್ಲ ಎಂದು ಹೇಳಿಬಿಡುತ್ತಾರೆ ಎಂದು ನೇತ್ರಾ ಕಾದಳು. ಬೇರೆ ಯಾರಾದರೂ ಹೇಳುತ್ತಿದ್ದರು.

"ಗೊತ್ತಿಲ್ಲ. ಆಗಿರಬಹುದು," ಎಂದರು ತೀಡಾ. ಆಮೇಲೆ, "ಹೆಸರು ಹೇಳಿದವಳು ನಾನು," ಎಂದರು.

ಕತ್ತಲಾದ ಮೇಲೆ ತಿಮ್ಮಕ್ಕ ಬಂದು ಊಟಕ್ಕೆ ಕರೆದಳು.

ಮೇ ತಿಂಗಳ ಮೊದಲ ವಾರ ಒಬ್ಬ ಮನುಷ್ಯ ಅಂಗಡಿಗೆ ಬಂದ. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಹೆಲ್ಮೆಟ್ಟು. ಯಾವುದೋ ವಿದ್ಯುತ್ ಬಿಲ್ಲಿನ ಒಂದು ಝೆರಾಕ್ಸ್ ಕೇಳಿದ. ಮಶಿನ್ನು ಓಡುವಾಗ ಬೆಂಚಿನ ಕಡೆ ನೋಡಿ, "ಇಲ್ಲಿ ಒಬ್ಬರು ಮೇಡಂ ಕೂತಿರ್ತಿದ್ರಲ್ಲ, ಈಗ ಬರೂದಿಲ್ವಾ?" ಎಂದ. ನೇತ್ರಾ ಯಾವ ಮೇಡಂ ಎಂದಳು. ಅವನು ನಕ್ಕ. ಝೆರಾಕ್ಸನ್ನು ಕೌಂಟರಿನ ಮೇಲೆಯೇ ಬಿಟ್ಟು ಹೋದ. ಅದರಲ್ಲಿದ್ದ ಹೆಸರಿನವನು ಸತ್ತು ನಾಲ್ಕು ವರ್ಷವಾಗಿತ್ತು. ಅವನ ಮರಣ ಪತ್ರದ ಅರ್ಜಿ ತುಂಬಿದವಳು ಅವಳೇ.

ಅದೇ ವಾರ ಮತ್ತೆ ಆ ಮರ್ಯಾದೆಯ ದನಿ. ಈ ಸಲ ತೀಡಾರ ಸುದ್ದಿ ಎತ್ತಲಿಲ್ಲ. "ನಿಮ್ಮ ಮಗಳು ಬಿಎಸ್ಸಿ ಎರಡನೇ ವರ್ಷ ಅಲ್ಲವೇ? ಸಸ್ಯಶಾಸ್ತ್ರ ಒಳ್ಳೆಯ ವಿಷಯ," ಎಂದು ಹಿಂದಿಯಲ್ಲಿ ಹೇಳಿ ಇಟ್ಟಿತು.

ಗಂಡ ಸಂತೋಷ ತದಡಿ ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದವನು. ಅಷ್ಟು ದಿನವೂ ಒಂದು ಮಾತು ಆಡದಿದ್ದವನು ಅವತ್ತು ಊಟ ಬಿಟ್ಟು ಎದ್ದ. "ಸಾಕು ಮಾಡು. ಅವರ ಊರಿನ ಜಗಳ ನಮ್ಮನೆ ಹೊಸ್ತಿಲಿಗೆ ಬಂತು. ನಂಬರು ಬದಲು ಮಾಡು, ಸರ್‌ಗೆ ಹೇಳು ನಮ್ಮಿಂದಾಗೂದಿಲ್ಲ ಅಂತ."

ನೇತ್ರಾ ತಟ್ಟೆ ಎತ್ತಿಟ್ಟಳು. ಅವನ ಮಾತಿನಲ್ಲಿ ತಪ್ಪಿರಲಿಲ್ಲ.

ಆದರೆ ಜರ್ಮನಿಯಿಂದ ಬಂದ ಎರಡನೆಯ ಪತ್ರ ಅವಳ ಮೇಜಿನ ಮೇಲಿತ್ತು. ಪಾಸ್‌ಪೋರ್ಟ್ ಸಾಧ್ಯವಿಲ್ಲ ಎಂಬುದು ಅರ್ಥವಾಗಿದೆ, ಬದಲಿ ಪ್ರಯಾಣ ಪತ್ರಕ್ಕೆ ಪ್ರಯತ್ನಿಸಬಹುದು, ಆದರೆ ಕಳಿಸಿದ ಪುರಾವೆಗಳೆಲ್ಲ ಹಿಂದಿನ ವರ್ಷದವು, ಸದ್ಯದ ಅಪಾಯವನ್ನು ತೋರಿಸುವ ದಾಖಲೆ ಇದ್ದರೆ ಕಳಿಸಿ ಎಂದು. ಸದ್ಯದ ಅಪಾಯ ಇದ್ದದ್ದು ಒಂದೇ ಕಡೆ, ನೇತ್ರಾಳ ಫೋನಿನಲ್ಲಿ. ಬಂದ ಕರೆಗಳ ದಿನಾಂಕ, ಹೊತ್ತು, ಆಡಿದ ಮಾತು, ಎಲ್ಲವನ್ನೂ ಅವಳು ಮೊದಲ ದಿನದಿಂದ ಅಂಗಡಿಯ ಡೈರಿಯಲ್ಲಿ ಬರೆದಿಟ್ಟಿದ್ದಳು. ಅದು ಅವಳ ಅಭ್ಯಾಸ.

"ಈ ಕರೆಗಳ ಬಗ್ಗೆ ನೋಟರಿ ಹತ್ರ ಪ್ರಮಾಣಪತ್ರ ಮಾಡಿಸ್ತೆ," ಎಂದಳು ಸಂತೋಷನಿಗೆ.

"ಯಾರ ಹೆಸರಲ್ಲಿ?"

"ನನ್ನ ಹೆಸರಲ್ಲೇ."

"ಹೆಸರು ಹಾಕಬೇಡ. ಯಾರೋ ಒಬ್ಬರು ಅಂತ ಬರೆ."

"ಹೆಸರಿಲ್ಲದ ಕಾಗದ ಎಲ್ಲಿ ನಡೀತದೆ?"

ಅರ್ಚಿತಾ ಒಳಕೋಣೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮರುದಿನದಿಂದ ಸಂತೋಷ ಮಗಳನ್ನು ತಾನೇ ಕಾಲೇಜಿನವರೆಗೆ ಬಿಟ್ಟು, ಸಂಜೆ ತಾನೇ ಕರೆತರತೊಡಗಿದ. ಹೆಂಡತಿಯ ಜೊತೆ ಮಾತು ಬಿಟ್ಟಿದ್ದ.

ಕುಮಟಾದ ವಕೀಲರೆಲ್ಲ ಅವಳ ಬಳಕೆಯವರು. ಯಾರಿಗೆ ತೋರಿಸಿದರೂ ಸಂಜೆಗೆ ಚಾ ಅಂಗಡಿಯಲ್ಲಿ ಮಾತಾಗುತ್ತದೆ ಎಂದು ಹೊನ್ನಾವರದ ನೋಟರಿಯ ಬಳಿ ಹೋದಳು. ಕಾಗದ ತಾನೇ ಟೈಪ್ ಮಾಡಿಕೊಂಡು ಹೋಗಿದ್ದಳು. ಜೀವಮಾನದಲ್ಲಿ ಇನ್ನೊಬ್ಬರಿಗಾಗಿ ಅದೆಷ್ಟು ಸಾವಿರ ಸಲ ಹೊಡೆದಿದ್ದ ಸಾಲುಗಳು: ನೇತ್ರಾ ಕೋಂ ಸಂತೋಷ ಹರಿಕಂತ್ರ, ವಯಸ್ಸು ನಲವತ್ತಾರು, ಉದ್ಯೋಗ ಜಾಬ್ ಟೈಪಿಂಗ್, ಸಾಕಿನ್ ತದಡಿ, ತಾಲೂಕು ಕುಮಟಾ, ಪ್ರಮಾಣ ಮಾಡಿ ಹೇಳುವುದೇನೆಂದರೆ. ಅಲ್ಲಿಂದ ಮುಂದೆ ಬರೆಯುವಾಗ ಯಾವ ಸಿದ್ಧ ಸಾಲೂ ಇರಲಿಲ್ಲ. ಸುಳ್ಳು ನಮೂನೆಯನ್ನು ತಾನೇ ತುಂಬಿದ್ದು, ತನ್ನದೇ ನಂಬರು ಕೊಟ್ಟದ್ದು, ತಂಗಿಯ ವಿಳಾಸ ಹಾಕಿದ್ದು, ಎಲ್ಲ ಬರೆದಳು. ಬೆದರಿಕೆಯ ಕರೆಗಳ ಪಟ್ಟಿಯನ್ನು ಇಂಗ್ಲಿಷಿನಲ್ಲೂ ಮಾಡಿದಳು.

ನೋಟರಿ ಓದಿ ತಲೆಯೆತ್ತಿದರು. "ಅಮ್ಮಾ, ಇದರಲ್ಲಿ ನಿಮ್ಮ ತಪ್ಪನ್ನೂ ನೀವೇ ಬರ್ಕೊಂಡಿದ್ರಲ್ಲ. ಅದು ಬೇಕಾಗಿರ್ಲಿಲ್ಲ."

"ಅದಿಲ್ಲದಿದ್ದರೆ ಅವರಿಗೆ ನನ್ನ ನಂಬರು ಎಲ್ಲಿ ಸಿಕ್ತು ಅಂತ ಕೇಳ್ತಾರೆ. ಇರ್ಲಿ," ಎಂದು ಸಹಿ ಹಾಕಿದಳು.

ಅಂದೇ ಕುಮಟಾದ ಠಾಣೆಗೂ ಒಂದು ದೂರು ಕೊಟ್ಟಳು. ಮುಖ್ಯಪೇದೆ ಅಣ್ಣಪ್ಪ ಅವಳನ್ನು ಬಲ್ಲವರೇ. ದೂರು ತೆಗೆದುಕೊಂಡು ಸ್ವೀಕೃತಿ ಕೊಟ್ಟರು. "ನಂಬರು ಎಲ್ಲ ಹೊರದೇಶದ್ದು ತೋರಿಸ್ತದೆ ನೇತ್ರಕ್ಕಾ. ಹುಡುಕೂದು ಸುಲಭ ಇಲ್ಲ. ಜಾಗ್ರತೆಯಲ್ಲಿರಿ," ಎಂದರು. ಹೇಗೆ ಜಾಗ್ರತೆಯಲ್ಲಿರಬೇಕು ಎಂಬುದನ್ನು ಅವರೂ ಹೇಳಲಿಲ್ಲ.

ಮಳೆ ಹಿಡಿಯಿತು. ಕಾಸರಕೋಡದಲ್ಲಿ ಬೋಟುಗಳನ್ನು ದಡಕ್ಕೆ ಎಳೆದು ಮುಚ್ಚಿದರು. ಮೀನು ಒಣಗಿಸುವ ಅಂಗಳ ಖಾಲಿಯಾಯಿತು. ಹೆಂಗಸರ ಗುಂಪು ಚದುರಿದ ಮೇಲೆ ತೀಡಾಗೆ ಅಡಗಲು ಗುಂಪೇ ಇರಲಿಲ್ಲ. ತಿಮ್ಮಕ್ಕನ ಮನೆಯಿಂದ ಹೊರಗೆ ಬರುವುದನ್ನು ಬಿಟ್ಟರು. ನೇತ್ರಾ ವಾರಕ್ಕೊಮ್ಮೆ ಹೋಗುತ್ತಿದ್ದಳು, ಪ್ರತಿ ಸಲವೂ ಬೇರೆ ಬಸ್ಸಿಗೆ, ಒಂದು ನಿಲ್ದಾಣ ಮೊದಲೇ ಇಳಿದು. ಹಾಗೆ ಮಾಡಲು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೆನ್ನ ಹಿಂದೆ ಯಾರದಾದರೂ ಹೆಜ್ಜೆ ಕೇಳಿದರೆ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿ, ಅವರು ದಾಟಿ ಹೋಗಲು ಬಿಡುತ್ತಿದ್ದಳು. ದಾಟಿ ಹೋಗುವವರು ಊರವರೇ. ಆದರೂ ಅವರ ಮುಖವನ್ನು ಅವಳು ಹೊಸದಾಗಿ ನೋಡುತ್ತಿದ್ದಳು.

ಜುಲೈ ಕೊನೆಯಲ್ಲಿ ಉತ್ತರ ಬಂತು. ತೀಡಾ ವಿನ್ ಆಯ್ಕೆಯಾಗಿದ್ದಾರೆ. ಎರಡು ವರ್ಷದ ಕೆಲಸ, ಅಲ್ಲಿಯ ಒಂದು ಸಸ್ಯ ಸಂಗ್ರಹಾಲಯದಲ್ಲಿ. ವಿಶೇಷ ಪ್ರಕರಣವೆಂದು ಪ್ರಯಾಣ ಪತ್ರ ಕೊಡುತ್ತಾರೆ. ಕೆಳಗೆ ಒಂದು ಸಾಲಿತ್ತು: ಸ್ಥಳೀಯ ಸಾಕ್ಷಿಯ ಪ್ರಮಾಣಪತ್ರ ನಿರ್ಣಾಯಕವಾಯಿತು.

ಲೋಕೇಶ ಸರ್ ಆ ಸಾಲನ್ನು ಎರಡು ಸಲ ಓದಿ ಹೇಳಿದರು. ನೇತ್ರಾಳಿಗೆ ಸಂತೋಷಪಡಬೇಕೆಂದು ಗೊತ್ತಿತ್ತು. ಮನಸ್ಸು ಮಾತ್ರ ಆ ಪ್ರಮಾಣಪತ್ರ ಎಷ್ಟು ಕೈ ದಾಟಿ, ಎಷ್ಟು ಮೇಜಿನ ಮೇಲೆ ಕೂತು ಅಲ್ಲಿಗೆ ಹೋಗಿರಬೇಕೆಂದು ಲೆಕ್ಕ ಹಾಕುತ್ತಿತ್ತು.

ಹೊರಡುವ ಮೊದಲಿನ ದಿನ ತೀಡಾ ಒಂದು ಮಾತು ಕೇಳಿದರು. ತಮ್ಮ ಇಲ್ಲಿಯ ಸಿಮ್ ಕಾರ್ಡು ಲೋಕೇಶ ಸರ್ ಹೆಸರಿನದು, ಅದು ನಿಂತುಹೋಗುತ್ತದೆ. ತಂಗಿಯನ್ನು ಹಿಡಿಯುವ ಮೊದಲು ಅವಳಿಗೆ ಬಾಯಿಪಾಠ ಮಾಡಿಸಿದ್ದು ನೇತ್ರಾಳ ಇದೇ ಮೊಬೈಲ್ ನಂಬರು. ಬರೆದಿಟ್ಟುಕೊಳ್ಳಬೇಡ, ನೆನಪಿಟ್ಟುಕೋ ಎಂದಿದ್ದರಂತೆ.

"ಅವಳು ಹೊರಗೆ ಬಂದರೆ ಮೊದಲು ಫೋನು ಮಾಡುವುದು ಆ ನಂಬರಿಗೆ," ಎಂದರು ತೀಡಾ.

"ನಂಬರು ಇರ್ತದೆ, ಟೀಚರೆ," ಎಂದಳು ನೇತ್ರಾ.

ಸೆಪ್ಟೆಂಬರಿನಲ್ಲಿ, ವೀಸಾ ಮುಗಿಯಲು ಐದು ದಿನ ಇರುವಾಗ, ಮಾತು ಬಿಟ್ಟಿದ್ದ ಸಂತೋಷನೇ ಗೆಳೆಯನ ಕಾರು ತಂದು ಅವರನ್ನು ಮಂಗಳೂರಿಗೆ ಕರೆದೊಯ್ದ. ವಿಮಾನ ನಿಲ್ದಾಣದ ಗಾಜಿನಾಚೆ ತೀಡಾ ಸಾಲಿನಲ್ಲಿ ನಿಂತದ್ದು ಕಾಣುತ್ತಿತ್ತು. ಬಾಗಿಲಲ್ಲಿದ್ದವನು ಅವರ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ, ಇನ್ನೊಬ್ಬನನ್ನು ಕರೆದ. ಇಬ್ಬರೂ ಕಾಗದ ಹಿಡಿದುಕೊಂಡು ಒಳಗೆ ಹೋದರು. ಕೈಯಲ್ಲಿ ಏನೂ ಇಲ್ಲದೆ ತೀಡಾ ಕಂಬದ ಪಕ್ಕ ನಿಂತರು. ಹತ್ತು ನಿಮಿಷ. ಇಪ್ಪತ್ತು. ಸಂತೋಷ ಕಾರಿನಿಂದ ಇಳಿದು ಬಂದು ಹೆಂಡತಿಯ ಪಕ್ಕ ನಿಂತ. ನಲವತ್ತು ನಿಮಿಷವಾದ ಮೇಲೆ ಒಬ್ಬ ಹೊರಬಂದು ಕಾಗದ ಹಿಂದೆ ಕೊಟ್ಟ. ತೀಡಾ ಒಮ್ಮೆ ಹಿಂತಿರುಗಿ ಗಾಜಿನ ಕಡೆ ನೋಡಿದರು. ಹೊರಗಿನ ಬಿಸಿಲು ಕಣ್ಣು ಕೋರೈಸಿ ಅವರಿಗೆ ಏನೂ ಕಂಡಿರಲಿಕ್ಕಿಲ್ಲ.

ಮೂರನೆಯ ದಿನ ಸಂದೇಶ ಬಂತು, ಕನ್ನಡ ಅಕ್ಷರದಲ್ಲಿ, ಒಂದೇ ಮಾತು. ಆತು.

ಕರೆಗಳು ನಿಂತವು. ಅಕ್ಟೋಬರ್ ಕಳೆಯಿತು. ಸಂತೋಷ ಮಗಳನ್ನು ಬಿಡಲು ಹೋಗುವುದನ್ನು ನಿಲ್ಲಿಸಿದ. ಮುಗಿಯಿತು ಎಂದು ನೇತ್ರಾಳೂ ಅಂದುಕೊಂಡಳು.

ದೀಪಾವಳಿ ಕಳೆದ ನಂತರದ ಸೋಮವಾರ, ಮಧ್ಯಾಹ್ನ ಮೂರಕ್ಕೆ, ಫೋನು ಹೊಡೆದುಕೊಂಡಿತು. ಈ ಸಲ ನಂಬರು ಇಲ್ಲಿಯದೇ. ದನಿಯೂ ಬೇರೆ, ಹರೆಯದ್ದು. ಕನ್ನಡ. ಅದೂ ಘಟ್ಟದ ಕೆಳಗಿನ ಕನ್ನಡ.

"ಟೀಚರು ಮುಟ್ಟಿದ್ರಾ, ಅಕ್ಕಾ?"

"ಯಾರಾ ನೀನು?" ಎಂದಳು ನೇತ್ರಾ.

"ಸುಮ್ನೆ ಕೇಳ್ದೆ," ಎಂದು ಅವನು ಇಟ್ಟ.

ಅಂಗಡಿಯಲ್ಲಿ ಪಡಿತರ ಚೀಟಿಗೆ ಬಂದ ಇಬ್ಬರು ಕೂತಿದ್ದರು. ನೇತ್ರಾ ಡೈರಿ ತೆರೆದು ಹೊತ್ತು ಬರೆದಳು, ಮಾತು ಬರೆದಳು. ಆಮೇಲೆ ಇಬ್ಬರ ಮುಖವನ್ನೂ ನೋಡಿದಳು. ಬೀದಿಯಲ್ಲಿ ಹೋಗುವವರನ್ನು, ಚಾ ಅಂಗಡಿಯ ಮುಂದೆ ನಿಂತವರನ್ನು ನೋಡಿದಳು. ಹೆಲ್ಮೆಟ್ಟಿನವನೊಬ್ಬನನ್ನು ಬಿಟ್ಟರೆ ಇಷ್ಟು ದಿನ ಭಯ ಎಲ್ಲಿಂದಲೋ, ಸಮುದ್ರದಾಚೆಯಿಂದ ಬರುತ್ತಿತ್ತು. ಅದಕ್ಕೆ ದಾರಿ ತೋರಿಸಿದವರು ಅವಳು ಹತ್ತುವ ಬಸ್ಸಿನಲ್ಲೇ ಓಡಾಡುವವರು.

ಅಣ್ಣಪ್ಪನವರು ಆ ನಂಬರು ಹುಡುಕಿಸಿದರು. ಆ ಸಿಮ್ ಕಾರ್ಡು ಹೊನ್ನಾವರದ ಒಬ್ಬ ಮುದುಕಿಯ ಹೆಸರಿನಲ್ಲಿತ್ತು. ಅವಳಿಗೆ ಮೊಬೈಲ್ ಎಂದರೇನೆಂದೇ ಗೊತ್ತಿರಲಿಲ್ಲ.

ಡಿಸೆಂಬರಿನಲ್ಲಿ ತೀಡಾ ಫೋನು ಮಾಡಿದರು. ತಂಗಿಗೆ ಮೂರು ವರ್ಷದ ಶಿಕ್ಷೆಯಾಗಿದೆ, ಯಾವ ಜೈಲು ಎಂದು ಹೇಳುತ್ತಿಲ್ಲ. ಹೇಳುವಾಗ ಅವರ ದನಿ ಅಲುಗಲಿಲ್ಲ. ಅಲ್ಲಿಯ ಚಳಿ, ತಮ್ಮ ಕಪಾಟಿನಲ್ಲಿರುವ ನೂರು ವರ್ಷ ಹಳೆಯ ಒಣಗಿದ ಕಾಂಡ್ಲಾ ಎಲೆಗಳು, ಎಲ್ಲವನ್ನೂ ಹೇಳಿದರು. ಕೊನೆಗೆ, ನಂಬರು ಬದಲಾಯಿಸುವುದಾದರೆ ಬದಲಾಯಿಸು, ನಾನು ತಪ್ಪು ತಿಳಿಯುವುದಿಲ್ಲ ಎಂದರು. ಆ ಮಾತಿಗೆ ನೇತ್ರಾ, ಚಳಿಗೆ ಕಿವಿ ಕಟ್ಟಿಕೊಳ್ಳಿ ಎಂದಳು.

ಈಗಲೂ ತಿಂಗಳಿಗೆ ಒಂದೆರಡು ಸಲ ಗುರುತಿಲ್ಲದ ನಂಬರಿನಿಂದ ಕರೆ ಬರುತ್ತದೆ. ಕೆಲವು ಬ್ಯಾಂಕಿನವು, ಕೆಲವು ಗಿರಾಕಿಗಳವು. ಕೆಲವುಗಳಲ್ಲಿ ಮಾತೇ ಇರುವುದಿಲ್ಲ. ಅಂಥದ್ದು ಎತ್ತಬೇಡ ಎಂದು ಸಂತೋಷ ಹೇಳುತ್ತಾನೆ, ಅರ್ಚಿತಾ ಹೇಳುತ್ತಾಳೆ. ನೇತ್ರಾ ಎತ್ತುತ್ತಾಳೆ. ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಝೆರಾಕ್ಸ್ ಮಶಿನ್ನು ಆಫ್ ಮಾಡಿ, ಫೋನನ್ನು ಕಿವಿಗೆ ಒತ್ತಿ ಹಿಡಿದು, ಆಚೆಗಿರುವುದು ಗಂಡಸಿನ ಉಸಿರೋ ಹೆಂಗಸಿನ ಉಸಿರೋ ಎಂದು ಕೇಳುತ್ತಾಳೆ.